ಮೈಸೂರಿಗೆ ಡಿಗ್ರಿ ಓದಲು ಬಂದವರಿಗೆ: ಗೆಳೆಯರನ್ನು ಮಾಡಿಕೊಳ್ಳುವ ಬಗೆ

ಪಿಯುಸಿ ಮುಗಿಸಿ ಹುಣಸೂರು, ಕೊಳ್ಳೇಗಾಲ, ಚಾಮರಾಜನಗರದ ಕಡೆಯಿಂದ ಮೈಸೂರಿಗೆ ಬರುವ ತಂಗಿ ತಮ್ಮಂದಿರು ಮೊದಲ ತಿಂಗಳಲ್ಲಿ ನನ್ನನ್ನು ಕೇಳುವುದು ಇದೇ: "ಅಕ್ಕಾ, ಇಲ್ಲಿ ಯಾರೂ ಸರಿಯಾಗಿ ಮಾತಾಡ್ಸಲ್ಲ, ಏನ್ ಮಾಡೋದು?" ನಾನು ಗುಂಡ್ಲುಪೇಟೆಯವಳು. ಇಲ್ಲೇ ಡಿಗ್ರಿ ಮುಗಿಸಿ ಈಗ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೇನೆ. ನನಗೆ ಗೊತ್ತಿರುವ ದಾರಿ ಒಂದೇ. ಏನು ಮಾತಾಡಲಿ ಅಂತ ಯೋಚಿಸುತ್ತಾ ಕೂರುವ ಬದಲು, ಜೊತೆಗೆ ಮಾಡುವಂಥ ಕೆಲಸ ಹುಡುಕಿ. ಕೈಗೆ ಕೆಲಸವಿದ್ದರೆ ಮಾತು ತಾನಾಗೇ ಬರುತ್ತದೆ.

ಮೊದಲ ವಾರ ದಿನಾ ಒಂದೇ ಬೆಂಚಿನಲ್ಲಿ ಕೂರಿ. ಅಕ್ಕಪಕ್ಕದವರಿಗೆ ನಿಮ್ಮ ಮುಖ ಪರಿಚಯವಾಗಲಿ. ಆಮೇಲೆ ಏನಾದರೂ ಸಣ್ಣದು ಕೇಳಿ: "ನಿನ್ನೆ ನೋಟ್ಸ್ ಫೋಟೋ ತಗೊಳ್ಲಾ?" ಸಾಕು. ಇದಕ್ಕಿಂತ ಒಳ್ಳೆಯ ಅವಕಾಶ ಸ್ಕಾಲರ್‌ಶಿಪ್ ಅರ್ಜಿ ಹಾಕುವ ಸಮಯ. ಎಸ್‌ಎಸ್‌ಪಿ ಪೋರ್ಟಲ್ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್) ಓಪನ್ ಆದಾಗ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಒಂದಲ್ಲ ಒಂದು ತಲೆನೋವು. ಒಬ್ಬರಿಗೆ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸಿಗುತ್ತಿಲ್ಲ, ಇನ್ನೊಬ್ಬರ ಆಧಾರ್ ಬ್ಯಾಂಕ್ ಖಾತೆಗೆ ಲಿಂಕ್ ಆಗಿಲ್ಲ. ಆಗ "ನಾನೂ ಸೈಬರ್‌ಗೆ ಹೋಗ್ತಿದೀನಿ, ಬರ್ತೀರಾ?" ಅಂತ ಕರೆಯಿರಿ. ಸರ್ವರ್ ಡೌನ್ ಆಗಿ ಒಂದು ಗಂಟೆ ಕಾಯಬೇಕಾದರೆ ಇನ್ನೂ ಒಳ್ಳೆಯದು. ಹೊರಗಡೆ ಟೀ ಕುಡಿಯುತ್ತಾ ಊರು, ಮನೆ, ಅಣ್ಣ ತಮ್ಮ ಎಲ್ಲಾ ವಿಷಯ ಬಂದು ಹೋಗುತ್ತದೆ.

ಹಾಸ್ಟೆಲಿನವರು ಮನೆಯಿಂದ ತಂದ ಚಟ್ನಿಪುಡಿ, ನಿಪ್ಪಟ್ಟನ್ನು ಟ್ರಂಕಿನಲ್ಲಿ ಇಟ್ಟುಕೊಳ್ಳಬೇಡಿ. ಮೊದಲ ದಿನವೇ ಮೆಸ್ಸಿಗೆ ತಂದು ಡಬ್ಬಿ ತೆಗೆದಿಡಿ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ದಸರಾಗೆ ಮುಂಚೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ. ಬೇರೆ ಬೇರೆ ಕಾಲೇಜಿನ ತಂಡಗಳು ಬಂದು ನೃತ್ಯ ಮಾಡುತ್ತವೆ. ನಿಮ್ಮ ಕಾಲೇಜಿನಿಂದ ತಂಡ ಹೋಗುತ್ತಿದೆ ಅಂತ ಗೊತ್ತಾದ ತಕ್ಷಣ ಹೆಸರು ಕೊಡಿ. "ನಂಗೆ ಡ್ಯಾನ್ಸ್ ಬರಲ್ಲ" ಅನ್ನಬೇಡಿ. ನನಗೂ ಬರುತ್ತಿರಲಿಲ್ಲ. ನಾನು ಪ್ರಾಕ್ಟೀಸ್‌ನಲ್ಲಿ ಸ್ಪೀಕರ್ ಹಿಡಿದುಕೊಂಡು ಹಾಡು ಹಾಕುತ್ತಿದ್ದೆ, "ಮತ್ತೆ ಮೊದಲಿಂದ" ಅಂದಾಗ ಹಿಂದಕ್ಕೆ ಎಳೆಯುತ್ತಿದ್ದೆ. ಕಾರ್ಯಕ್ರಮದ ದಿನ ಒಂದು ಪೊಟ್ಟಣ ಪಿನ್ನು, ಸೂಜಿ ದಾರ ಇಟ್ಟುಕೊಂಡು ಸ್ಟೇಜಿನ ಹಿಂದೆ ನಿಂತಿದ್ದೆ. ಒಬ್ಬಳ ಕಚ್ಚೆ ಸಡಿಲವಾಗಿತ್ತು, ಇನ್ನೊಬ್ಬಳ ಗೆಜ್ಜೆಯ ದಾರ ಕಿತ್ತುಹೋಗಿತ್ತು. ಹೆಸರು ಕರೆಯುವಷ್ಟರಲ್ಲಿ ಎಲ್ಲಾ ಕಟ್ಟಿ, ಚುಚ್ಚಿ, ಬೆನ್ನು ತಟ್ಟಿ ಕಳಿಸಿದೆ. ಆ ಹುಡುಗಿಯರು ಇವತ್ತಿಗೂ ನನ್ನ ಜೀವದ ಗೆಳತಿಯರು. ಕ್ಲಾಸ್ ಮುಗಿದ ಮೇಲೆ ದಿನಾ ಸಂಜೆ ಬೆವರು ಸುರಿಸುತ್ತಾ ಜೊತೆಗಿದ್ದವರು ಸುಮ್ನೆ ದೂರವಾಗಲ್ಲ.

ಎನ್‌ಎಸ್‌ಎಸ್‌ ಕೂಡ ಹಾಗೇ. 1969ರಲ್ಲಿ ಶುರುವಾದ ಈ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು. ಜೊತೆಗೆ 7 ದಿನದ ಶಿಬಿರ. ಹಳ್ಳಿಯ ಶಾಲೆಯಲ್ಲಿ ಮಲಗಿ, ಬೆಳಗ್ಗೆ ಎದ್ದು ಎಲ್ಲರಿಗೂ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಬೇಕು, ಚರಂಡಿ ಕ್ಲೀನ್ ಮಾಡಬೇಕು. ಹಳ್ಳಿಯಿಂದ ಬಂದ ನಮಗೆ ಇಲ್ಲಿ ಒಂದು ಬಲ ಸಿಗುತ್ತದೆ. ಗುದ್ದಲಿ ಹಿಡಿಯುವುದು, ಒಲೆ ಹಚ್ಚುವುದು ನಮಗೆ ಗೊತ್ತು. ಇಂಗ್ಲಿಷಿನಲ್ಲಿ ಪಟಪಟ ಮಾತಾಡುವ ಸಿಟಿ ಹುಡುಗಿ ನಿಮ್ಮ ಹತ್ತಿರ ಬಂದು "ಇದು ಹೇಗೆ ಮಾಡೋದು?" ಅಂತ ಕೇಳುತ್ತಾಳೆ. ಪ್ರೀತಿಯಿಂದ ಹೇಳಿಕೊಡಿ. ಅವಳಿಂದ ನೀವು ಇಂಗ್ಲಿಷ್ ಕಲಿಯಿರಿ.

ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಸಂಜೆಯ ಹೊತ್ತು ಸಿಗುವುದಿಲ್ಲ, ನಿಜ. ನಂಜನಗೂಡು, ಟಿ. ನರಸೀಪುರದವರು ಬಸ್ಸಿನ ಗೆಳೆಯರನ್ನೇ ಗಟ್ಟಿ ಮಾಡಿಕೊಳ್ಳಿ. ಒಂದೇ ಟೈಮಿನ ಬಸ್ಸು ಹಿಡಿದರೆ ಆಯಿತು. ಹಾಸ್ಟೆಲಿನ ಹುಡುಗಿಯರಿಗೆ ಇನ್ನೊಂದು ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಖರ್ಚಿಲ್ಲ, ಹಾಗಾಗಿ ಪ್ರತಿ ಶನಿವಾರ ಊರಿಗೆ ಬಾ ಅಂತ ಅಮ್ಮ ಕರೆಯುತ್ತಾರೆ. ವಾರ ಬಿಟ್ಟು ವಾರ ಹೋಗಿ. ಉಳಿದ ಭಾನುವಾರ ಬೆಳಗ್ಗೆ ರೂಮ್‌ಮೇಟ್ ಜೊತೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕಿ. ರಂಗಾಯಣದಲ್ಲಿ ಬಹುರೂಪಿ ನಾಟಕೋತ್ಸವ ಇದ್ದರೆ ಕ್ಲಾಸಿನವರನ್ನು ಕಟ್ಟಿಕೊಂಡು ಹೋಗಿ. ನಾಟಕ ಮುಗಿದ ಮೇಲೆ ಅದರ ಬಗ್ಗೆ ಜಗಳವಾಡಿದರೂ ಪರವಾಗಿಲ್ಲ.

"ಯಾವೂರು?" ಅಂತ ಕೇಳಿದವರು ಸ್ವಲ್ಪ ಹೊತ್ತಿಗೆ "ಯಾವ ಜನ?" ಅಂತಲೂ ಕೇಳಬಹುದು. ಉತ್ತರ ಕೊಡಲೇಬೇಕು ಅಂತೇನಿಲ್ಲ. "ಅದ್ಯಾಕೆ ಬಿಡಿ" ಅಂತ ನಕ್ಕು ಮಾತು ಬದಲಾಯಿಸಿ. ನೀವಂತೂ ಯಾರನ್ನೂ ಹಾಗೆ ಕೇಳಬೇಡಿ. ತಮ್ಮೂರಿನವರು, ತಮ್ಮ ಜಾತಿಯವರು ಅಂತ ಒಂದೇ ಟೇಬಲ್ಲಿನಲ್ಲಿ ಊಟಕ್ಕೆ ಕೂರುವ ಗುಂಪುಗಳನ್ನು ನೋಡಿದರೆ ನನಗೆ ತುಂಬಾ ಸಂಕಟವಾಗುತ್ತದೆ. ಅಷ್ಟು ದೂರದಿಂದ ಬಂದು ಮತ್ತೆ ನಮ್ಮ ಬೀದಿಯಲ್ಲೇ ಇದ್ದ ಹಾಗಲ್ವಾ?

ಸೀನಿಯರ್‌ಗಳು ಮಾತಾಡಿಸಿದರೆ ಹೆದರಬೇಡಿ, ಹೆಚ್ಚಿನವರು ಹಳೆಯ ಪ್ರಶ್ನೆಪತ್ರಿಕೆ ಕೊಡುವಂಥವರೇ. ಆದರೆ ಅವಮಾನ ಮಾಡಿದರೆ, ದುಡ್ಡು ಕೇಳಿದರೆ, ಬೇಡವಾದದ್ದನ್ನು ಮಾಡು ಅಂದರೆ ಅದು ರ‍್ಯಾಗಿಂಗ್. ಸಹಾಯವಾಣಿ 1800-180-5522ಕ್ಕೆ ಫೋನ್ ಮಾಡಿ. ಎಲ್ಲರ ನಡುವೆ ಇದ್ದೂ ರಾತ್ರಿ ಅಳು ಬರುತ್ತಿದೆ, ಊಟ ಸೇರುತ್ತಿಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಎರಡೂ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ರೂಮ್‌ಮೇಟ್‌ಗೂ ಕಳಿಸಿ.