ಸ್ಟೇಷನ್ನಿನ ಹಿಂಬದಿಯ ಗೇಟು

ನಾನು ನಗರ ಯೋಜನೆಯ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಲೇಔಟ್ ನಕ್ಷೆ, ರಸ್ತೆ ಅಗಲ ಮಾಡುವುದು, ವಾರ್ಡ್ ಯೋಜನೆ ಎಲ್ಲ ಮಾಡಿದ್ದೇನೆ. ಆದರೆ ನನಗೆ ಕೆಲಸ ಕಲಿಸಿದ್ದು ಬೆಂಗಳೂರಿನಿಂದ ಬಂಗಾರಪೇಟೆ ಕಡೆ ಹೋಗುವ ಲೈನಿನ ಒಂದು ಸಣ್ಣ ಸ್ಟೇಷನ್. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಯೋಜನೆಯಲ್ಲಿ ಇನ್ನೂ ಅರ್ಧ ಕೆಲಸ ಬಾಕಿ ಇದೆ. ಹೆಸರು ಹೊರಬಿದ್ದರೆ ಮರುದಿನವೇ ಸೈಟ್ ಬ್ರೋಕರ್‌ಗಳ ಬೋರ್ಡು ಏಳುತ್ತವೆ. ಹಿಂದೆಯೇ ಬಾಡಿಗೆಯೂ ಏರುತ್ತದೆ. ಅಲ್ಲಿ ಇರುವವರಿಗೆ ಅದು ಬೇಡ.

ಲೈನು ಬಹಳ ಹಳೆಯದು. ಜೋಲಾರ್‌ಪೇಟೆ ಕಡೆಯಿಂದ ಬೆಂಗಳೂರು ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ರೈಲು ಬಂದದ್ದು 1864ರಲ್ಲಿ. ಈಗ ಈ ಲೈನನ್ನೇ ನಂಬಿ ಬದುಕುವವರಲ್ಲಿ ಕೆಜಿಎಫ್‌ನವರು ಜಾಸ್ತಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಊರು ಬಿಡಲು ಮನಸ್ಸಿಲ್ಲ, ಊರಲ್ಲಿ ಕೆಲಸ ಇಲ್ಲ. ಹಾಗಾಗಿ ಬೆಳಗಿನ ಜಾವ ಮಾರಿಕುಪ್ಪಂ, ಊರ್ಗಾಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ, ರಾತ್ರಿ ಮನೆ ಸೇರುತ್ತಾರೆ. ದಾರಿಯಲ್ಲಿ ಟೇಕಲ್, ಮಾಲೂರಿನವರು ಸೇರಿಕೊಳ್ಳುತ್ತಾರೆ. ಬ್ಯಾಗಿನಲ್ಲಿ ಊಟದ ಡಬ್ಬಿ, ಜೇಬಿನಲ್ಲಿ ತಿಂಗಳ ಪಾಸು. ಉಪನಗರ ರೈಲು ಅನ್ನುವ ಹೆಸರು ಪೇಪರಿನಲ್ಲಿ ಬರುವುದಕ್ಕೆ ಎಷ್ಟೋ ಮೊದಲೇ ಇವರು ಉಪನಗರ ರೈಲಿನ ಪ್ರಯಾಣಿಕರು.

2020ರ ಅಕ್ಟೋಬರ್‌ನಲ್ಲಿ ಬೆಂಗಳೂರು ಉಪನಗರ ರೈಲಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಸುಮಾರು 148 ಕಿಲೋಮೀಟರ್, ನಾಲ್ಕು ಮಾರ್ಗ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರು. ಆಗ ಎಲ್ಲರ ಮಾತೂ ಹಳಿ, ಬೋಗಿ, ಸೇತುವೆಯ ಮೇಲೆಯೇ ಇತ್ತು. ಸ್ಟೇಷನ್ ಗೇಟಿನಿಂದ ಆಚೆ ಏನಿರಬೇಕು ಎಂದು ಕೇಳುವವರು ಕಡಿಮೆ. ಅದೇ ಸಮಯಕ್ಕೆ ನಮ್ಮ ಸಣ್ಣ ತಂಡಕ್ಕೆ ಈ ಹಳೇ ಲೈನಿನ ಒಂದು ಸ್ಟೇಷನ್ ಸುತ್ತಲಿನ ಬಡಾವಣೆಗೆ ಯೋಜನೆ ಮಾಡುವ ಕೆಲಸ ಬಂತು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ನಕ್ಷೆಯ ಮೇಲೆ ಸ್ಟೇಷನ್ ಗುರುತಿಸಿದೆ. ಅದನ್ನೇ ನಡುವೆ ಇಟ್ಟುಕೊಂಡು 800 ಮೀಟರಿನ ಒಂದು ವೃತ್ತ ಎಳೆದೆ. ಸ್ಟೇಷನ್ ಸುತ್ತಲಿನ ಬೆಳವಣಿಗೆಯ ಬಗ್ಗೆ ಕೇಂದ್ರ ಸರ್ಕಾರ ಮಾಡಿದ 2017ರ ನೀತಿಯೂ 500ರಿಂದ 800 ಮೀಟರ್ ಎಂದೇ ಹೇಳುತ್ತದೆ. ನಿಮಿಷಕ್ಕೆ 80 ಮೀಟರ್ ನಡೆದರೆ 800 ಮೀಟರಿಗೆ ಹತ್ತು ನಿಮಿಷ. ಆ ವೃತ್ತದೊಳಗೆ ಎರಡು ಚದರ ಕಿಲೋಮೀಟರ್, ಅಂದರೆ ಹತ್ತಿರ ಹತ್ತಿರ 500 ಎಕರೆ. ಒಳಗೆಲ್ಲ ಹಳದಿ ಬಣ್ಣ ತುಂಬಿ, ಇಲ್ಲಿ ಮನೆ ಹೆಚ್ಚಬೇಕು, ಇಲ್ಲಿ ಅಂಗಡಿ ಬರಬೇಕು ಎಂದು ಬರೆದೆ. ನೋಡಲು ಚೆನ್ನಾಗಿತ್ತು.

ಆ ನಕ್ಷೆಯನ್ನು ಪ್ಲಾಟ್‌ಫಾರಂ ಪಕ್ಕದ ಬೇವಿನ ಮರದ ಕೆಳಗೆ ಹರಡಿಕೊಂಡು ಕೂತಿದ್ದೆವು. ರೈಲಿಗೆ ಕಾಯುತ್ತಿದ್ದ ಒಬ್ಬರು ಬಗ್ಗಿ ನೋಡಿದರು. ಕೆಜಿಎಫ್‌ನವರು, ಒಂದು ಕಂಪನಿಯಲ್ಲಿ ಸೆಕ್ಯುರಿಟಿ ಕೆಲಸ. ಹಳಿಯ ಹಿಂಬದಿಯ ಹಳದಿ ಜಾಗದ ಮೇಲೆ ಬೆರಳಿಟ್ಟು, "ಮೇಡಂ, ಇಲ್ಲೇ ನನ್ನ ತಂಗಿ ಮನೆ ಇರೋದು. ಇದು ಸ್ಟೇಷನ್ ಪಕ್ಕ ಅಂತ ಬರೆದಿದ್ದೀರಲ್ಲ, ಅವಳು ಇಲ್ಲಿಗೆ ಬರೋಕೆ ಇಪ್ಪತ್ತು ನಿಮಿಷ ಬೇಕು" ಅಂದರು.

ನಕ್ಷೆಯಲ್ಲಿ ಅಳೆದರೆ ಆ ಮನೆ ಪ್ಲಾಟ್‌ಫಾರಮಿನಿಂದ 300 ಮೀಟರ್.

ಅವತ್ತು ಸಂಜೆ ನಾನು ಅವರ ತಂಗಿಯ ಮನೆಯಿಂದಲೇ ನಡೆದು ನೋಡಿದೆ. ಸ್ಟೇಷನ್ನಿಗೆ ಬಾಗಿಲು ಇದ್ದದ್ದು ಮುಂಬದಿಗೆ ಮಾತ್ರ. ಹಿಂಬದಿಗೆ ಉದ್ದಕ್ಕೂ ಕಾಂಪೌಂಡ್. ಮೊದಲು ಹತ್ತಿರದಲ್ಲೇ ಒಂದು ಲೆವೆಲ್ ಕ್ರಾಸಿಂಗ್ ಇತ್ತಂತೆ. ಅದನ್ನು ಮುಚ್ಚಿ 600 ಮೀಟರ್ ಆಚೆ ಅಂಡರ್‌ಪಾಸ್ ಮಾಡಿದ್ದಾರೆ. ಅಲ್ಲಿಯವರೆಗೆ ಹೋಗಿ, ಹಳಿ ದಾಟಿ, ಮತ್ತೆ ಅಷ್ಟೇ ದೂರ ವಾಪಸ್ ಬರಬೇಕು. ಒಟ್ಟು ಒಂದೂವರೆ ಕಿಲೋಮೀಟರ್. ಮಳೆ ಬಂದರೆ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು. ಹಾಗಾಗಿ ಜನ ಕಾಂಪೌಂಡಿನಲ್ಲಿ ಒಂದು ಕಡೆ ನಾಲ್ಕು ಇಟ್ಟಿಗೆ ಕಿತ್ತು ದಾರಿ ಮಾಡಿಕೊಂಡಿದ್ದರು. ಆ ಕಿಂಡಿಯ ಅಂಚು ಸೀರೆ, ಪ್ಯಾಂಟು ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಕೆಳಗೆ ಕಾಲಿಡಲು ಯಾರೋ ಒಂದು ಹಳೇ ಚಪ್ಪಡಿ ಹಾಕಿದ್ದರು. ಅಲ್ಲಿಂದ ಸೀದಾ ಹಳಿ ದಾಟಿ ಪ್ಲಾಟ್‌ಫಾರಂ ಹತ್ತುವುದು. ಎಕ್ಸ್‌ಪ್ರೆಸ್ ಗಾಡಿಗಳು ನಿಲ್ಲದೆ ಓಡುವ ಹಳಿ ಅದು. ಒಬ್ಬ ತಾಯಿ ಯೂನಿಫಾರಂ ಹಾಕಿದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಎರಡೂ ಕಡೆ ನೋಡಿ ದಾಟಿದ್ದನ್ನು ನಾನು ಮರೆತಿಲ್ಲ. ಕಾಂಪೌಂಡು ಒಡೆಯುವುದು ಅಪರಾಧ, ಹಳಿ ದಾಟುವುದೂ ಅಪರಾಧ. ಆದರೆ ಆ ಜನಕ್ಕೆ ನಾವು ಕೊಟ್ಟ ಬೇರೆ ದಾರಿ ಯಾವುದು?

ಮರುದಿನ ವೃತ್ತ ಅಳಿಸಿದೆ.

ಆಮೇಲೆ ಮಾಡಿದ ಕೆಲಸಕ್ಕೆ ಬೇಕಾಗಿದ್ದು ಗಡಿಯಾರ ಮತ್ತು ಸೀಮೆಸುಣ್ಣ. ಬೆಳಗಿನ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಬಂದು ನಿಂತ ಕೂಡಲೇ ನಮ್ಮ ತಂಡದ ಐದು ಜನ ಐದು ದಿಕ್ಕಿಗೆ ಹೊರಡುತ್ತಿದ್ದೆವು. ಇಳಿದವರಲ್ಲಿ ಒಬ್ಬರನ್ನು ಕೇಳಿ, ಅವರ ಜೊತೆಗೇ ಅವರ ನಡಿಗೆಯಲ್ಲೇ ನಡೆಯುವುದು. ಐದು ನಿಮಿಷಕ್ಕೆ ಒಂದು ಗೆರೆ, ಹತ್ತು ನಿಮಿಷಕ್ಕೆ ಇನ್ನೊಂದು ಗೆರೆ. ಹುಡುಗರು ಎಲ್ಲಿಗೆ ತಲುಪುತ್ತಾರೆ, ಮಂಡಿ ನೋವಿನ ಅಜ್ಜಿ ಎಲ್ಲಿಗೆ ತಲುಪುತ್ತಾರೆ, ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿದೆವು. ರಾತ್ರಿ ಎಂಟರ ಗಾಡಿಗೂ ಇದನ್ನೇ ಮಾಡಿದೆವು. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಹಗಲು ಹತ್ತಿರದ ಗಲ್ಲಿಯಲ್ಲಿ ಹೋಗುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಾತ್ರಿ ಸುತ್ತು ಹಾಕಿ ಮೇನ್ ರೋಡಿನಲ್ಲಿ ಹೋಗುತ್ತಾರೆ. ಗಲ್ಲಿಯಲ್ಲಿ ದೀಪ ಇಲ್ಲ, ತುದಿಯಲ್ಲಿ ಮದ್ಯದಂಗಡಿ. ಅದೇ ಮನೆ, ಅದೇ ಸ್ಟೇಷನ್. ಆದರೆ ಕತ್ತಲಾದ ಮೇಲೆ ಅದು ಎಂಟು ನಿಮಿಷ ದೂರ ಹೋಗುತ್ತದೆ.

ಈ ಗೆರೆಗಳನ್ನೆಲ್ಲ ಸೇರಿಸಿ ಹೊಸ ನಕ್ಷೆ ಮಾಡಿದಾಗ, ದುಂಡಗಿದ್ದ ನನ್ನ ವೃತ್ತ ಹೆಂಚಿಗೆ ಅಂಟಿ ಹರಿದ ದೋಸೆ ಥರ ಆಗಿತ್ತು. ಮುಂಬದಿಯಲ್ಲಿ ರಸ್ತೆಗುಂಟ ಉದ್ದಕ್ಕೆ ಚಾಚಿಕೊಂಡಿದೆ. ಹಿಂಬದಿಯಲ್ಲಿ ಪೂರ್ತಿ ಖಾಲಿ. ಹಿಂಬದಿಯ ಹಳೇ ಗ್ರಾಮಠಾಣ, ರೆವಿನ್ಯೂ ಸೈಟುಗಳು, ಸಾಲು ಸಾಲು ವಠಾರ, ಎಲ್ಲವೂ ಪ್ಲಾಟ್‌ಫಾರಮಿಗೆ ಕಾಣುವಷ್ಟು ಹತ್ತಿರ. ನಡಿಗೆಗೆ ಮಾತ್ರ ಸ್ಟೇಷನ್ನೇ ಇಲ್ಲದ ಊರು.

ನನ್ನ ಇಡೀ ಯೋಜನೆಯ ಮೊದಲ ಸಾಲು ಆಗ ಬದಲಾಯಿತು. ಎಷ್ಟು ಮಹಡಿ ಕಟ್ಟಬಹುದು ಎನ್ನುವುದು ಹಿಂದಕ್ಕೆ ಹೋಯಿತು. ಹಿಂಬದಿಗೆ ಒಂದು ಗೇಟು, ಅಲ್ಲಿಗೆ ಇಳಿಯುವ ಮೆಟ್ಟಿಲು ಮತ್ತು ರ‍್ಯಾಂಪ್ ಮುಂದಕ್ಕೆ ಬಂತು. ಎರಡು ಪ್ಲಾಟ್‌ಫಾರಮಿನ ನಡುವೆ ಫುಟ್‌ಓವರ್ ಬ್ರಿಡ್ಜ್ ಆಗಲೇ ಇತ್ತು. ಅದನ್ನು ಇನ್ನೊಂದಿಷ್ಟು ಉದ್ದ ಮಾಡಿ ಆಚೆ ಇಳಿಸಿದರೆ ಸಾಕು. ಇಷ್ಟು ಸಣ್ಣ ವಿಷಯಕ್ಕೆ ಎರಡು ವರ್ಷ ಹಿಡಿಯಿತು. ಬ್ರಿಡ್ಜ್ ಒಬ್ಬರದು, ಇಳಿಯುವ ಜಾಗ ಇನ್ನೊಬ್ಬರದು, ಅಲ್ಲಿಂದ ಮುಂದಿನ ರಸ್ತೆ ಮೂರನೆಯವರದು. ಒಂದು ಕಚೇರಿಯಲ್ಲಿ ನಮ್ಮ ಫೈಲು ಮೂರು ಸಲ ಕಾಣೆಯಾಯಿತು. ನಾಲ್ಕನೇ ಸಲ ನಾನು ಫೈಲಿನ ಜೊತೆ ಆ ಕಿಂಡಿಯ ಫೋಟೋ ಕೊಂಡುಹೋದೆ, ಆ ತಾಯಿ ಮಗು ದಾಟುತ್ತಿದ್ದ ಜಾಗ. ಅಧಿಕಾರಿ ಸುಮ್ಮನೆ ನೋಡಿದರು. ಅವತ್ತೇ ಸಹಿ ಆಯಿತು.

ಮಹಡಿಗಳ ವಿಷಯಕ್ಕೂ ಬರಬೇಕು, ಏಕೆಂದರೆ ಸ್ಟೇಷನ್ ಸುತ್ತ ಯೋಜನೆ ಅಂದರೆ ಎಲ್ಲರ ತಲೆಗೂ ಮೊದಲು ಬರುವುದು ಎಫ್‌ಎಆರ್, ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎನ್ನುವ ಲೆಕ್ಕ. 2015ರವರೆಗಿನ ಬೆಂಗಳೂರಿನ ಮಾಸ್ಟರ್ ಪ್ಲಾನ್ 2007ರಲ್ಲಿ ಜಾರಿಗೆ ಬಂದಾಗಲೇ ಮೆಟ್ರೋ ಸ್ಟೇಷನ್‌ಗಳಿಂದ 150 ಮೀಟರ್ ಒಳಗೆ ಎಫ್‌ಎಆರ್ 4 ಎಂದು ಬರೆದಿದ್ದರು. ಕೇಳಲು ದೊಡ್ಡ ವಿಷಯ. ಆದರೆ ಹಳೇ ಬಡಾವಣೆಯಲ್ಲಿ ಇರುವುದು 30 ಅಡಿಗೆ 40 ಅಡಿ ಸೈಟು. 1,200 ಚದರಡಿಗೆ ನಾಲ್ಕರಷ್ಟು ಅಂದರೆ 4,800 ಚದರಡಿ ಕಟ್ಟಬಹುದು. ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಬಿಟ್ಟು, ಮೆಟ್ಟಿಲು, ಲಿಫ್ಟ್ ಇಟ್ಟು ಇಷ್ಟು ಕಟ್ಟಲು ಆರೇಳು ಮಹಡಿ ಏಳಬೇಕು. ಎದುರಿಗೆ 12 ಅಡಿ ಗಲ್ಲಿ. ಅಲ್ಲಿ ನೀರಿನ ಟ್ಯಾಂಕರೇ ತಿರುಗುವುದಿಲ್ಲ, ಇನ್ನು ಫೈರ್ ಇಂಜಿನ್ ಎಲ್ಲಿ? ಹಾಗಾಗಿ ಎಲ್ಲ ಕಡೆ ಒಂದೇ ಎಫ್‌ಎಆರ್ ಕೊಡುವುದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅಗಲ ರಸ್ತೆಯ ಬದಿಯಲ್ಲಿ, ಅಕ್ಕಪಕ್ಕದ ಎರಡು ಮೂರು ಸೈಟಿನವರು ಸೇರಿ ಕಟ್ಟಿದರೆ ಜಾಸ್ತಿ ಕೊಡೋಣ ಅಂದೆವು. ಗ್ರಾಮಠಾಣದ ಒಳಗೆ ಈಗಿರುವಷ್ಟೇ ಸಾಕು. ಮುಂದಿನ ಮೂರಡಿ ಫುಟ್‌ಪಾತಿಗೆ ಬಿಟ್ಟುಕೊಟ್ಟವರಿಗೆ ಮೇಲೆ ಒಂದು ಮಹಡಿ.

ಊರಿನವರ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬ ಹಿರಿಯರು ಎದ್ದು ನಿಂತರು. "ಅಮ್ಮಾ, ಹಿಂದೆ ರಸ್ತೆಗೆ ಅಂತ ಜಾಗ ಬಿಟ್ಟೆ. ಟಿಡಿಆರ್ ಕೊಡ್ತೀವಿ ಅಂದ್ರು. ಕಾಗದ ಇನ್ನೂ ಕೈಗೆ ಬಂದಿಲ್ಲ. ಈಗ ನಿನ್ನ ಮಾತು ಹೆಂಗೆ ನಂಬೋದು?" ಟಿಡಿಆರ್ ಅಂದರೆ ಬಿಟ್ಟ ಜಾಗಕ್ಕೆ ಬದಲಾಗಿ ಹೆಚ್ಚು ಕಟ್ಟಲು ಕೊಡುವ ಹಕ್ಕಿನ ಕಾಗದ. ನನ್ನ ಬಳಿ ಉತ್ತರ ಇರಲಿಲ್ಲ. ಆ ಸಭೆಯ ನಂತರ ನಿಯಮವನ್ನು ತಿರುಗಿಸಿ ಬರೆದೆವು. ಮೊದಲು ಪ್ಲಾನ್ ಮಂಜೂರಾತಿ ಪತ್ರದಲ್ಲೇ ಆ ಮಹಡಿ ಬರೆದು ಕೈಗೆ ಕೊಡಬೇಕು. ಜಾಗ ಬಿಡುವುದು ಆಮೇಲೆ.

ಪಾರ್ಕಿಂಗ್ ಬಗ್ಗೆ ದೊಡ್ಡ ಜಗಳವೇ ಆಯಿತು. ಸ್ಟೇಷನ್ ಎದುರಿನ ಖಾಲಿ ಜಾಗ ನೋಡಿದವರೆಲ್ಲ "ಇಲ್ಲಿ ಕಾರ್ ಪಾರ್ಕಿಂಗ್ ಮಾಡಿ" ಅನ್ನುತ್ತಿದ್ದರು. ನಾನು ಲೆಕ್ಕ ಹಾಕಿ ತೋರಿಸಿದೆ. ಬಯಲಲ್ಲಿ ಒಂದು ಕಾರಿಗೆ, ತಿರುಗಿಸುವ ಜಾಗವೂ ಸೇರಿ 23 ಚದರ ಮೀಟರ್ ಇಡುತ್ತಾರೆ. ನೂರು ಕಾರಿಗೆ 2,300. ಅಂದರೆ ಅರ್ಧ ಎಕರೆಗಿಂತ ಜಾಸ್ತಿ. ಸ್ಟೇಷನ್ನಿನ ಬಾಗಿಲಲ್ಲೇ ಇರುವ ಅಷ್ಟು ಬೆಲೆಬಾಳುವ ನೆಲ ನೂರು ಚಿಲ್ಲರೆ ಜನರಿಗೆ. ಒಂದು ಮೆಮುವಿನಲ್ಲಿ ಬರುವವರು ಸಾವಿರದ ಮೇಲೆ. ಅವರಲ್ಲಿ ಬಹುಪಾಲು ನಡೆದು, ಇಲ್ಲ ಶೇರ್ ಆಟೋದಲ್ಲಿ ಹೋಗುವವರು. ಕೊನೆಗೆ ಅಲ್ಲಿ ಬಸ್ಸು ನಿಲ್ಲಲು ಜಾಗ, ಆಟೋ ಸಾಲು, ಸೈಕಲ್ ಮತ್ತು ಬೈಕ್ ಸ್ಟ್ಯಾಂಡು, ಒಂದು ಸಾಲು ಅಂಗಡಿ ಎಂದು ತೀರ್ಮಾನವಾಯಿತು. ಕಾರಿಗೆ ಇಳಿಸಿ ಹೋಗುವ ಜಾಗ ಮಾತ್ರ.

ಈ ಹೊತ್ತಿನಲ್ಲಿ ನನಗೆ ಧೈರ್ಯ ಕೊಟ್ಟದ್ದು ನವಿ ಮುಂಬೈ. ನೆರೂಲ್‌ನಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಚಿಕ್ಕಂದಿನಿಂದ ರಜೆಗೆ ಹೋಗಿ ಬಂದ ಊರು. ಆಗ ಗೊತ್ತಿರಲಿಲ್ಲ, ಓದಿದ ಮೇಲೆ ಗೊತ್ತಾಯಿತು: ಊರು ಕಟ್ಟಲೆಂದೇ 1970ರಲ್ಲಿ ಶುರುವಾದ ಸಿಡ್ಕೋ ಸಂಸ್ಥೆ, ಅಲ್ಲಿ ರೈಲು ಹಾಕುವ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ತಾನೇ ಕೊಟ್ಟಿತು. ಉಳಿದದ್ದು ರೈಲ್ವೆಯದು. ರೈಲು ಬಂದರೆ ನೆಲಕ್ಕೆ ಬೆಲೆ ಬರುತ್ತದೆ, ಆ ನೆಲ ಸಂಸ್ಥೆಯ ಕೈಯಲ್ಲೇ ಇತ್ತು. 1992ರಲ್ಲಿ ವಾಶಿಗೆ ಲೋಕಲ್ ಬಂತು. ವಾಶಿ, ಬೇಲಾಪುರದಲ್ಲಿ ಸ್ಟೇಷನ್ನಿನ ತಲೆಯ ಮೇಲೇ ಆಫೀಸುಗಳ ಕಟ್ಟಡ. ಅತ್ತೆ ನೆರೂಲ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ತರಕಾರಿ, ಪಶ್ಚಿಮಕ್ಕೆ ಇಳಿದರೆ ಬ್ಯಾಂಕು ಎಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಹಳಿ ಅವರ ಊರನ್ನು ಎರಡು ಮಾಡಿಲ್ಲ. ನಮ್ಮಲ್ಲಿ ನೆಲ ಸಾವಿರ ಜನರ ಕೈಯಲ್ಲಿದೆ, ಅರ್ಧಕ್ಕೆ ಬಿ ಖಾತಾ, ಅಂದರೆ ಪೂರ್ತಿ ಸಕ್ರಮವಲ್ಲದ ಆಸ್ತಿಯ ದಾಖಲೆ. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ಬರುವುದಿಲ್ಲ. ಆದರೆ ಎರಡು ಬದಿಗೂ ಬಾಗಿಲು ಇಡಲು ಯಾವ ಖಾತಾವೂ ಅಡ್ಡ ಬರುವುದಿಲ್ಲ ಅಲ್ವಾ?

ಗೇಟಿನಿಂದ ಮುಂದಿನ ದಾರಿಗೆ ಜಾಗ ಎಲ್ಲಿ ಎನ್ನುವುದು ಬಹಳ ದಿನ ಕಾಡಿತು. ಒಂದು ಇಂಚು ಖಾಲಿ ಇಲ್ಲ. ಕೊನೆಗೆ ಸಿಕ್ಕಿದ್ದು ರಾಜಕಾಲುವೆಯ ಬದಿ. ಕಾಲುವೆಯ ಎರಡೂ ಕಡೆ ಬಫರ್ ಜಾಗದಲ್ಲಿ ಮನೆ ಕಟ್ಟುವಂತಿಲ್ಲ, ಕಾಲುದಾರಿ ಮಾಡಬಹುದು. ಎಲ್ಲರೂ ಕಸ ಎಸೆಯುವ ಆ ಪಟ್ಟಿ ವಠಾರಗಳ ಹಿಂದಿನಿಂದ ಹಾದು ಸರ್ಕಾರಿ ಶಾಲೆಯವರೆಗೆ ಹೋಗುತ್ತದೆ. ಹೂಳು ತೆಗೆಸಿ, ಒಂದು ಬದಿಗೆ ಕಂಬಿ ಹಾಕಿ, ದೀಪ ಹಾಕಿದರೆ ಎಂಟು ಅಡಿಯ ದಾರಿ. ಈಗ ಶಾಲೆಯ ಮಕ್ಕಳು ಅದರ ಮೇಲೇ ಓಡಾಡುತ್ತಾರೆ.

ನನ್ನ ಮನಸ್ಸಿಗೆ ಇನ್ನೂ ಸಮಾಧಾನ ಇಲ್ಲದ್ದು ಬಾಡಿಗೆಯ ವಿಷಯ. ವಠಾರದ ಒಂದೊಂದು ಕೋಣೆಯಲ್ಲಿ ಮೂರು ಮೂರು ಹೆಣ್ಣುಮಕ್ಕಳು ಇದ್ದಾರೆ. ದಾರಿ ಆದರೆ ಬಾಡಿಗೆ ಏರುತ್ತದೆ, ಏರಿದರೆ ಅವರು ಮತ್ತೆ ದೂರ ಹೋಗಬೇಕು. ಯಾರಿಗಾಗಿ ದಾರಿ ಮಾಡಿದೆವೋ ಅವರೇ ಅಲ್ಲಿ ಇರಲಾರರು. ಸೈಟು ಸೇರಿಸಿ ಕಟ್ಟುವವರು ಒಂದು ಪಾಲು 300 ಚದರಡಿಯ ಒಳಗಿನ ಮನೆಗಳನ್ನೇ ಕಟ್ಟಬೇಕು ಎಂದು ನಾವು ಕಡ್ಡಾಯ ಬರೆದಿದ್ದೆವು. ಅಂತಿಮ ಕರಡಿನಲ್ಲಿ ಅದು "ಪ್ರೋತ್ಸಾಹಿಸಬಹುದು" ಎಂದಾಯಿತು. ನಾನು ಜಗಳ ಬಿಟ್ಟಿಲ್ಲ. ಮುಂದಿನ ತಿದ್ದುಪಡಿಗೆ ಮತ್ತೆ ಕೊಟ್ಟಿದ್ದೇನೆ.

ಹಿಂಬದಿಯ ಗೇಟು ತೆರೆದ ದಿನ ಯಾವ ಸಮಾರಂಭವೂ ಇರಲಿಲ್ಲ. ಕಂಟ್ರಾಕ್ಟರ್ ಹುಡುಗ ಬೆಳಿಗ್ಗೆ ಬೀಗ ತೆಗೆದ, ಅಷ್ಟೇ. ನಾನು ಅದೇ ತಂಗಿಯ ಮನೆಯಿಂದ ನಡೆದು ಬಂದೆ. ಮೆಟ್ಟಿಲು ಹತ್ತುವುದೂ ಸೇರಿ ಆರು ನಿಮಿಷ. ಕಾಂಪೌಂಡಿನ ಕಿಂಡಿಯ ಹತ್ತಿರ ಆಗಲೇ ಹುಲ್ಲು ಬರಲು ಶುರುವಾಗಿತ್ತು.

ಮುಂಬದಿಯಲ್ಲಿ ಹೂ ಮಾರುತ್ತಿದ್ದ ಅಕ್ಕ ಅವತ್ತೇ ಬುಟ್ಟಿ ಎತ್ತಿಕೊಂಡು ಹಿಂಬದಿಗೆ ಬಂದು ಕೂತಿದ್ದರು. ನಮ್ಮ ನಕ್ಷೆಯಲ್ಲಿ ಬೀದಿ ವ್ಯಾಪಾರಕ್ಕೆ ಗುರುತು ಮಾಡಿದ ಜಾಗ ಇನ್ನೂ ಮೂವತ್ತು ಹೆಜ್ಜೆ ಆಚೆ ಇತ್ತು. ಅಕ್ಕ ಕೂತಿದ್ದು ಮೆಟ್ಟಿಲಿನ ಬುಡದಲ್ಲಿ, ಗೋಡೆಯ ನೆರಳಿನಲ್ಲಿ. "ಅಲ್ಲಿ ಜಾಗ ಕೊಟ್ಟಿದ್ದೀವಲ್ಲ ಅಕ್ಕ, ಇಲ್ಲಿ ಯಾಕೆ?" ಎಂದು ಕೇಳಿದೆ. "ಇಳಿದೋರು ಇಲ್ಲೇ ಒಂದ್ ಗಳಿಗೆ ನಿಂತು ಉಸಿರು ತಗೋತಾರೆ ಕಣಮ್ಮ. ಅಲ್ಲಿಗೆ ಹೋಗೋ ಹೊತ್ಗೆ ನಡಿಗೆ ಜೋರಾಗಿರುತ್ತೆ, ಯಾರು ನಿಲ್ತಾರೆ?" ಅಂದರು. ಅರ್ಧ ಗಂಟೆ ಪಕ್ಕದಲ್ಲೇ ನಿಂತು ನೋಡಿದೆ. ಅವರು ಹೇಳಿದ ಹಾಗೇ ಇತ್ತು. ಆ ವಾರವೇ ನಕ್ಷೆಯಲ್ಲಿ ಆ ಗುರುತನ್ನು ಮೂವತ್ತು ಹೆಜ್ಜೆ ಈಚೆಗೆ ತಂದೆವು. ಮೆಟ್ಟಿಲಿನ ಅಗಲ ಬಿಟ್ಟು, ಗೋಡೆಗುಂಟ ಐದು ಬುಟ್ಟಿ ಹಿಡಿಸುವಷ್ಟು.