ಪದವಿ ಓದುತ್ತಲೇ ನೀಟ್‌ಗೆ ಸಿದ್ಧತೆ: ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗೆ

ಪ್ಲಸ್ ಟು ಮುಗಿಸಿದ ವರ್ಷ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಸಾಕಷ್ಟು ಅಂಕ ಬಾರದೆ ಬಿ.ಎಸ್ಸಿ.ಗೆ ಸೇರಿಕೊಂಡು, ಎಂ.ಬಿ.ಬಿ.ಎಸ್. ಆಸೆಯನ್ನು ಮನಸ್ಸಿನಲ್ಲಿ ಉಳಿಸಿಕೊಂಡಿರುವವರು ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಅನೇಕರಿದ್ದಾರೆ. ನೀಟ್‌ಗೆ ಈಗ ಗರಿಷ್ಠ ವಯೋಮಿತಿಯಿಲ್ಲ, ಎಷ್ಟು ಸಲ ಬರೆಯಬಹುದೆಂಬ ಮಿತಿಯೂ ಇಲ್ಲ. ಪ್ಲಸ್ ಟುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟಾಗಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ. 40 ಅಂಕವಿರಬೇಕು. ಆದರೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ, ಅದೇ ಸಿದ್ಧತೆಯಾಯಿತು ಎಂದು ಯಾರೂ ನಂಬಿ ಕೂರಬಾರದು. ನೀಟ್ ಕೇಳುವುದು 11 ಮತ್ತು 12ನೇ ತರಗತಿಯ ಪಾಠಗಳನ್ನು, ಅದೂ ರಾಷ್ಟ್ರೀಯ ವೈದ್ಯಕೀಯ ಆಯೋಗ ಪ್ರಕಟಿಸಿದ ಪಠ್ಯಕ್ರಮದ ಮಿತಿಯೊಳಗೆ.

2025ರ ಪರೀಕ್ಷೆಯಲ್ಲಿ ಮೂರು ಗಂಟೆಗೆ 180 ಪ್ರಶ್ನೆಗಳು, 720 ಅಂಕಗಳು ಇದ್ದವು. ಅರ್ಧದಷ್ಟು, ಅಂದರೆ 90 ಪ್ರಶ್ನೆಗಳು ಜೀವಶಾಸ್ತ್ರದವು. ಆದ್ದರಿಂದ ಎನ್.ಸಿ.ಇ.ಆರ್.ಟಿ.ಯ ಜೀವಶಾಸ್ತ್ರ ಪುಸ್ತಕಗಳನ್ನು ಸಾಲುಸಾಲಾಗಿ ಓದುವುದೇ ಮೊದಲ ಕೆಲಸ. ಓದುವುದೆಂದರೆ ಕಣ್ಣಾಡಿಸುವುದಲ್ಲ. ಉದಾಹರಣೆಗೆ ರಕ್ತಪರಿಚಲನೆಯ ಪಾಠದಲ್ಲಿ ಇ.ಸಿ.ಜಿ.ಯ, ಅಂದರೆ ಹೃದಯದ ವಿದ್ಯುತ್ ಚಟುವಟಿಕೆಯ ಗೆರೆಯ ಚಿತ್ರವಿದೆ. ಪುಸ್ತಕ ಮುಚ್ಚಿ ಆ ಗೆರೆಯನ್ನು ನೀವೇ ಎಳೆಯಿರಿ. ಪಿ ಅಲೆ ಹೃತ್ಕರ್ಣಗಳ ಡಿಪೋಲರೈಸೇಷನ್ (ವಿದ್ಯುತ್ ಪ್ರಚೋದನೆ), ಕ್ಯೂ.ಆರ್.ಎಸ್. ಹೃತ್ಕುಕ್ಷಿಗಳದ್ದು, ಟಿ ಅಲೆ ಹೃತ್ಕುಕ್ಷಿಗಳು ಮೊದಲಿನ ಸ್ಥಿತಿಗೆ ಮರಳುವುದನ್ನು ಸೂಚಿಸುತ್ತದೆ ಎಂದು ಬದಿಯಲ್ಲಿ ಬರೆಯಿರಿ. ಬಳಿಕ ಒಂದು ಬಡಿತಕ್ಕೆ ಸುಮಾರು 70 ಮಿ.ಲೀ., ನಿಮಿಷಕ್ಕೆ 72 ಬಡಿತ, ಹಾಗಾದರೆ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ಎಂಬ ಲೆಕ್ಕವನ್ನು ನೋಡದೆ ಮಾಡಿ. ಆಮೇಲೆ ಪುಸ್ತಕ ತೆರೆದು ಎಲ್ಲಿ ತಪ್ಪಿತೆಂದು ಗುರುತು ಹಾಕಿದರೆ, ಆ ಗುರುತುಗಳೇ ಮುಂದಿನ ವಾರದ ಓದಿನ ಪಟ್ಟಿಯಾಗುತ್ತವೆ. ಭೌತಶಾಸ್ತ್ರಕ್ಕೆ ಮಾತ್ರ ದಿನವೂ ಲೆಕ್ಕ ಬಿಡಿಸದೆ ಬೇರೆ ದಾರಿಯಿಲ್ಲ.

ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದರೆ ಉತ್ತರಿಸುವುದು ಲಾಭಕರ; ಏನೂ ಗೊತ್ತಿಲ್ಲದ ಪ್ರಶ್ನೆಯಲ್ಲಿ ಸಮಯ ಕಳೆಯಬೇಡಿ.

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ಲಸ್ ಟುವಿನಲ್ಲಿ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಅನೇಕ ಕಡೆ ಮಲಯಾಳದಲ್ಲಿ ಸಿಗುತ್ತದೆ. ಇದು ನಮ್ಮ ಮಕ್ಕಳ ಮೇಲೆ ಬಿದ್ದಿರುವ ನಿಜವಾದ ಹೊರೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ, ಆದರೆ ಅದನ್ನು ಒದಗಿಸುವುದು ಕರ್ನಾಟಕದ ಕೇಂದ್ರಗಳಲ್ಲಿ. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಹಾಗಾಗಿ ವಿಷಯವನ್ನು ಕನ್ನಡದಲ್ಲಿ ಯೋಚಿಸಿ ಅರ್ಥಮಾಡಿಕೊಂಡು, ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೇ ಬಿಡಿಸಿ ಅಭ್ಯಾಸ ಮಾಡುವುದು ಒಳ್ಳೆಯದೆಂದು ನನ್ನ ದೃಢ ಅಭಿಪ್ರಾಯ.

ಇನ್ನು ಅರ್ಜಿಗಳ ವಿಚಾರ. ಅಂಕವಿದ್ದೂ ಸೀಟು ಕೈತಪ್ಪುವುದು ಇಲ್ಲಿಯೇ. ಕೇರಳದ ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ನೀಟ್ ಬರೆದರೆ ಸಾಲದು, ಪ್ರವೇಶ ಪರೀಕ್ಷಾ ಆಯುಕ್ತರಿಗೆ ಕೀಮ್ (ಕೇರಳದ ವೃತ್ತಿಪರ ಕೋರ್ಸುಗಳ ಪ್ರವೇಶ) ಅರ್ಜಿಯನ್ನು ಪ್ರತ್ಯೇಕವಾಗಿ, ಗಡುವಿನೊಳಗೆ ಸಲ್ಲಿಸಬೇಕು. 2025ರಲ್ಲಿ 50 ಸೀಟುಗಳಿಗೆ ಅನುಮತಿ ಪಡೆದ ಉಕ್ಕಿನಡ್ಕದ ಕಾಸರಗೋಡು ಸರಕಾರಿ ವೈದ್ಯಕೀಯ ಕಾಲೇಜಿನ ರಾಜ್ಯ ಕೋಟಾಕ್ಕೂ ದಾರಿ ಇದೇ. ಸರಕಾರಿ ಕಾಲೇಜುಗಳ ಶೇ. 15 ಅಖಿಲ ಭಾರತ ಕೋಟಾಕ್ಕೆ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯಲ್ಲಿ ಬೇರೆಯೇ ನೋಂದಣಿ ಮಾಡಬೇಕು.

ಮೂರನೆಯ ಬಾಗಿಲು ಕರ್ನಾಟಕದ್ದು. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿದ್ದು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸವಿದ್ದು, ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಅಲ್ಲಿಯೇ ಓದಿದವರು ಗಡಿನಾಡ ಕನ್ನಡಿಗರ ನಿಯಮದಡಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಈ ಅವಕಾಶ ತಿಳಿಯದೆ ಉಳಿದವರನ್ನು ಕಂಡಾಗ ಬೇಸರವಾಗುತ್ತದೆ. ಓದಿದ ಪ್ರತಿಯೊಂದು ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ತೆಗೆದಿಡಿ.

ನೇಟಿವಿಟಿ, ಜಾತಿ, ನಾನ್ ಕ್ರೀಮಿಲೇಯರ್ (ಹಿಂದುಳಿದ ವರ್ಗದಲ್ಲಿ ಕೆನೆಪದರಕ್ಕೆ ಸೇರದವರೆಂಬ) ಪತ್ರಗಳಿಗೆ ಕೇರಳ ಸರಕಾರದ ಆನ್‌ಲೈನ್ ಸೇವೆ ನೀಡುವ ಅಕ್ಷಯ ಕೇಂದ್ರದ ಮೂಲಕ ಅರ್ಜಿ ಹಾಕಬಹುದು. ಅಖಿಲ ಭಾರತ ಕೋಟಾಕ್ಕೆ ಬೇಕಾದ ನಾನ್ ಕ್ರೀಮಿಲೇಯರ್ ಪತ್ರದ ನಮೂನೆ ರಾಜ್ಯದ್ದಕ್ಕಿಂತ ಬೇರೆ ಎಂಬುದನ್ನು ಮರೆಯಬೇಡಿ. ಇವೆಲ್ಲಕ್ಕಿಂತ ಮೊದಲು ಎಸ್.ಎಸ್.ಎಲ್.ಸಿ. ಪುಸ್ತಕವನ್ನೂ ಆಧಾರ್ ಕಾರ್ಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ: ಮನೆಹೆಸರು, ಇನಿಶಿಯಲ್, ಅಕ್ಷರಗಳು ಒಂದರಲ್ಲೊಂದು ಬೇರೆಯಾಗಿದ್ದರೆ, ಅರ್ಜಿ ತೆರೆಯುವ ಮೊದಲೇ ಸರಿಪಡಿಸಿಕೊಳ್ಳಿ.