ಒಬ್ಬೊಬ್ಬರನ್ನೇ ತೆಗೆದುಕೊಳ್ಳುವುದನ್ನು ಬಿಟ್ಟ ಮೇಲೆ: ಡೈವರ್ಸಿಟಿ ನೇಮಕಾತಿಯಲ್ಲಿ ನನ್ನ ಅನುಭವ

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಕಳೆದ ಎರಡೂವರೆ ವರ್ಷದಲ್ಲಿ ಡೈವರ್ಸಿಟಿ ನೇಮಕಾತಿಯಲ್ಲಿ, ಅಂದರೆ ಹೆಂಗಸರು, ಅಂಗವೈಕಲ್ಯ ಇರುವವರು ಹೀಗೆ ಕಂಪನಿಯಲ್ಲಿ ಕಡಿಮೆ ಇರುವ ಥರದವರನ್ನು ತೆಗೆದುಕೊಳ್ಳುವ ಕೆಲಸದಲ್ಲಿ, ನಮ್ಮಲ್ಲಿಗೆ ಬಂದ 23 ಜನರಲ್ಲಿ 20 ಜನ ಈಗಲೂ ಇದ್ದಾರೆ. ಅದಕ್ಕೂ ಹಿಂದಿನ ಎರಡು ವರ್ಷದಲ್ಲಿ ಬಂದವರು 11, ವರ್ಷ ತುಂಬುವುದರೊಳಗೆ ಹೊರಟವರು 8. ಕಂಪನಿ ಅದೇ, ಸಂಬಳದ ಶ್ರೇಣಿ ಅದೇ, ಮ್ಯಾನೇಜರ್‌ಗಳೂ ಹೆಚ್ಚುಕಮ್ಮಿ ಅವರೇ. "ಇದೆಲ್ಲ ನಡೆಯೋದಲ್ಲ, ಬಿಟ್ಟುಬಿಡಿ" ಎಂದು ಮುಖದ ಮೇಲೆ ಹೇಳಿದವರೇ ಈಗ ನಮ್ಮ ಇಂಟರ್‌ವ್ಯೂನ ಸ್ಕೋರ್ ಶೀಟ್ ಕಳಿಸಿ ಎನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು. ಅಂಕಿಗಳೆಲ್ಲ ನೆನಪಿನಿಂದ, ಒಂದೆರಡು ಆಚೀಚೆ ಇರಬಹುದು.

ನಮ್ಮದು ಸುಮಾರು 140 ಜನರ ಸಾಫ್ಟ್‌ವೇರ್ ಕಂಪನಿ, ನಾನು ಎಚ್‌ಆರ್ ನೋಡಿಕೊಳ್ಳುತ್ತೇನೆ. ನಾನು ಶುರು ಮಾಡಿದಾಗ ಎಂಜಿನಿಯರಿಂಗ್‌ನ 80 ಚಿಲ್ಲರೆ ಜನರಲ್ಲಿ ಹೆಂಗಸರು 6. ಅಂಗವೈಕಲ್ಯ ಇದ್ದವರು ಒಬ್ಬರೂ ಇಲ್ಲ. 45 ದಾಟಿದವರು ಇಬ್ಬರು. ಮುಕ್ಕಾಲು ಪಾಲು ಜನ ಮೂರೇ ಮೂರು ಕಾಲೇಜಿನಿಂದ ಬಂದವರು. ಅದರಲ್ಲಿ ಆಶ್ಚರ್ಯವೇನಿಲ್ಲ, ಅರ್ಧಕ್ಕಿಂತ ಹೆಚ್ಚು ನೇಮಕಾತಿ ರೆಫರಲ್‌ನಲ್ಲೇ, ಅಂದರೆ ಒಳಗಿನವರ ಶಿಫಾರಸಿನಲ್ಲೇ ನಡೆಯುತ್ತಿತ್ತು. ತಮ್ಮ ಹಾಗೆ ಇರುವವರನ್ನೇ ಜನ ಕರೆದುಕೊಂಡು ಬರುತ್ತಾರೆ.

ಮೊದಲ ಎರಡು ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಎಲ್ಲ ಟೀಮಿಗೂ ಸಮವಾಗಿ ಸಿಗಲಿ ಎಂದು ಟೀಮಿಗೊಬ್ಬರಂತೆ ಹಂಚಿದೆ. ಪ್ರೆಸೆಂಟೇಷನ್‌ನಲ್ಲಿ ನೋಡೋಕೆ ಚೆನ್ನಾಗಿತ್ತು. ಆದರೆ ಹನ್ನೆರಡು ಜನರ ನಡುವೆ ಒಂಟಿಯಾಗಿ ಕೂತವರ ದಿನ ಹೇಗೆ ಹೋಗುತ್ತದೆ ಎಂದು ನಾನು ಕೇಳಲೇ ಇಲ್ಲ. ಕಂಪನಿಯ ಫೋಟೋ ತೆಗೆಯುವಾಗ ಅವರನ್ನೇ ಮುಂದೆ ನಿಲ್ಲಿಸುತ್ತಿದ್ದರು. ಇಂಟರ್‌ವ್ಯೂ ಪ್ಯಾನೆಲ್‌ಗೆ ಒಬ್ಬ ಹೆಂಗಸು ಬೇಕು ಎಂದಾಗ ಅವರನ್ನೇ ಎಳೆಯುತ್ತಿದ್ದರು. ಆಗ ಕಳೆದುಹೋದ ಕೋಡಿಂಗ್ ಸಮಯ ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಅವರ ಲೆಕ್ಕಕ್ಕೇ ಬೀಳುತ್ತಿತ್ತು.

ಕೆಲಸ ಬಿಟ್ಟ ಆರನೆಯವರು ಎಕ್ಸಿಟ್ ಇಂಟರ್‌ವ್ಯೂನಲ್ಲಿ ಹೇಳಿದ ಮಾತು ಇನ್ನೂ ನನ್ನ ನೋಟ್‌ಬುಕ್‌ನಲ್ಲಿದೆ. "ಇಲ್ಲಿ ಯಾರೂ ನನ್ನ ಜೊತೆ ಕೆಟ್ಟದಾಗಿ ನಡೆದುಕೊಂಡಿಲ್ಲ. ಆದರೆ ದಿನಾ ಪರೀಕ್ಷೆಗೆ ಕೂತ ಹಾಗಿತ್ತು. ಪಕ್ಕದವನು ತಪ್ಪು ಮಾಡಿದರೆ ಅದು ಅವನ ತಪ್ಪು. ನಾನು ಮಾಡಿದರೆ ಹೆಂಗಸರ ತಪ್ಪು." ನಾನು ಆ ದಿನ ಮನೆಗೆ ಹೋಗಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಗುಂಪಿನಲ್ಲಿ ಒಂದು ವರ್ಗದವರು ಶೇ. 15ರ ಒಳಗಿದ್ದರೆ ಅವರನ್ನು ಮನುಷ್ಯರಾಗಿ ನೋಡದೆ ಆ ವರ್ಗದ ಗುರುತಾಗಿಯೇ ನೋಡುತ್ತಾರೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲೇ ಬರೆದಿದ್ದರು. ನಾನು ಅದನ್ನು ಓದಿದ್ದೆ, ನಮ್ಮ ಆಫೀಸಿಗೆ ಹಾಕಿ ನೋಡಿರಲಿಲ್ಲ.

ಈಗ ದುಡ್ಡಿನ ಲೆಕ್ಕ. ಏಜೆನ್ಸಿಯ ಫೀಸು, ಹೊಸಬರು ಕೆಲಸ ಕಲಿಯುವ ಮೂರ್ನಾಲ್ಕು ತಿಂಗಳು, ಅವರಿಗೆ ಕಲಿಸಲು ಸೀನಿಯರ್‌ಗಳು ಕೊಟ್ಟ ಸಮಯ, ಬಿಟ್ಟ ಮೇಲೆ ಸೀಟು ಖಾಲಿ ಬಿದ್ದದ್ದು, ಎಲ್ಲ ಸೇರಿಸಿದರೆ ಒಬ್ಬರು ಹೋದಾಗ ಅವರ ಏಳು ತಿಂಗಳ ಸಂಬಳದಷ್ಟು ನಷ್ಟ. 8 ಜನಕ್ಕೆ 56 ತಿಂಗಳು. ಒಬ್ಬ ಎಂಜಿನಿಯರ್‌ಗೆ ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ಕೊಡಬಹುದಾದ ಸಂಬಳ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಇದರ ಮೇಲೆ ಡೈವರ್ಸಿಟಿ ಟ್ರೇನಿಂಗ್. ಹೊರಗಿನವರನ್ನು ಕರೆಸಿ, ಎಲ್ಲರಿಗೂ ಕಡ್ಡಾಯ ಮಾಡಿ, ಎರಡು ಅರ್ಧ ದಿನದ ಕಾರ್ಯಾಗಾರ ನಡೆಸಿದೆ. ಒಬ್ಬರ ಐದು ತಿಂಗಳ ಸಂಬಳದಷ್ಟು ಖರ್ಚು. ಎರಡು ವಾರ ಬಿಟ್ಟು ನೋಡಿದರೆ, ನಾನು ರೂಮಿಗೆ ಕಾಲಿಟ್ಟ ತಕ್ಷಣ ಮಾತು ನಿಲ್ಲುತ್ತಿತ್ತು. ಬೇರೇನೂ ಬದಲಾಗಿರಲಿಲ್ಲ. ಕಡ್ಡಾಯದ ಟ್ರೇನಿಂಗ್ ಜನರನ್ನು ಎದುರು ತಿರುಗಿಸುತ್ತದೆ, ತಾವಾಗಿ ಬಂದರೆ ಮಾತ್ರ ಸ್ವಲ್ಪ ಉಪಯೋಗ ಎಂದು ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್, ಅಲೆಕ್ಸಾಂಡ್ರಾ ಕಲೆವ್ 2016ರಲ್ಲಿ ಬರೆದದ್ದನ್ನು ನಾನು ಕೈ ಸುಟ್ಟುಕೊಂಡ ಮೇಲೆ ನೋಡಿದೆ. ಮುಂದಿನ ವರ್ಷದ ಟ್ರೇನಿಂಗ್ ಬಜೆಟ್ ಪೂರ್ತಿ ರದ್ದು ಮಾಡಿ ಬೇರೆ ಕೆಲಸಕ್ಕೆ ಎತ್ತಿಟ್ಟೆ.

ಆ ಬೇರೆ ಕೆಲಸ ಇಷ್ಟೇ: ಯಾವ ಟೀಮಿಗೂ ಒಬ್ಬರನ್ನೇ ಕಳಿಸುವುದಿಲ್ಲ. ಇಬ್ಬರು, ಸಾಧ್ಯವಾದರೆ ಮೂವರು, ಒಂದೇ ವಾರ ಸೇರಬೇಕು. ಅಷ್ಟು ಜನ ಸಿಗದಿದ್ದರೆ ಆ ಟೀಮಿಗೆ ಆ ಸಲ ಯಾರೂ ಇಲ್ಲ.

ಮ್ಯಾನೇಜರ್‌ಗಳು ಮೂಗು ಮುರಿದರು. ಫೈನಾನ್ಸ್ ಮುಖ್ಯಸ್ಥರಿಗಂತೂ ತಲೆ ಕೆಟ್ಟಿತು, ಯಾಕೆಂದರೆ ಇಬ್ಬರನ್ನು ಒಟ್ಟಿಗೆ ತರಬೇಕಾದರೆ ಒಂದು ಸೀಟನ್ನು ಎರಡು ಎರಡೂವರೆ ತಿಂಗಳು ಖಾಲಿ ಇಡಬೇಕು. "ನೀವು ಹಿಂದುಳಿದದ್ದು ಸಾಲದು ಅಂತ ನಮ್ಮನ್ನೂ ಹಿಂದಕ್ಕೆ ಎಳೆಯುತ್ತಿದ್ದೀರಿ" ಎಂದರು. 56 ತಿಂಗಳ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಅವರ ಮೇಜಿನ ಮೇಲಿಟ್ಟೆ. ಡೈವರ್ಸಿಟಿಯಿಂದ ಲಾಭ ಇಷ್ಟು ಪಟ್ಟು ಹೆಚ್ಚುತ್ತದೆ ಎನ್ನುವ ಸ್ಲೈಡುಗಳು ನಮ್ಮ ವೃತ್ತಿಯಲ್ಲಿ ಬೇಕಾದಷ್ಟು ಓಡಾಡುತ್ತವೆ. ಅದನ್ನು ನಾನು ಎಂದೂ ಬಳಸಿಲ್ಲ. ಲಾಭ ಇರುವ ಕಂಪನಿ ಎಲ್ಲ ಥರದವರನ್ನೂ ತೆಗೆದುಕೊಂಡಿತೋ, ತೆಗೆದುಕೊಂಡದ್ದರಿಂದ ಲಾಭ ಬಂತೋ, ಫೈನಾನ್ಸಿನವರು ಕೇಳುವ ಮೊದಲ ಪ್ರಶ್ನೆಯೇ ಅದು. ನಮ್ಮದೇ ಪುಸ್ತಕದ ನಷ್ಟ ತೋರಿಸಿದರೆ ವಾದ ಇಲ್ಲ. ಒಂದು ಟೀಮು, ಆರು ತಿಂಗಳು, ಅಷ್ಟಕ್ಕೆ ಒಪ್ಪಿದರು.

ಇಬ್ಬರನ್ನು ಒಟ್ಟಿಗೆ ತರುವುದರ ಲಾಭ ಶಾರ್ಟ್‌ಲಿಸ್ಟ್‌ನಲ್ಲೂ ಇದೆ. ಕೊನೆಯ ಸುತ್ತಿನ ನಾಲ್ವರಲ್ಲಿ ಹೆಂಗಸು ಒಬ್ಬರೇ ಇದ್ದರೆ ಅವರು ಆಯ್ಕೆಯಾಗುವ ಸಾಧ್ಯತೆ ಹೆಚ್ಚುಕಮ್ಮಿ ಸೊನ್ನೆ, ಇಬ್ಬರಾದರೆ ಚಿತ್ರವೇ ಬೇರೆ ಎಂದು 2016ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಅಧ್ಯಯನ ಬಂದಿತ್ತು. ನಮ್ಮ ಹಳೆಯ ಫೈಲುಗಳನ್ನು ತೆಗೆದು ನೋಡಿದೆ. ಒಬ್ಬರೇ ಇದ್ದ 14 ಸುತ್ತುಗಳಲ್ಲಿ ಆಫರ್ ಸಿಕ್ಕಿದ್ದು ಒಂದೇ ಸಲ.

ಇಂಟರ್‌ವ್ಯೂನಲ್ಲಿ ಮಾಡಿದ ಬದಲಾವಣೆ ನಿಮಗೆಲ್ಲ ಗೊತ್ತಿರುವುದೇ. ಎಲ್ಲರಿಗೂ ಅದೇ ಆರು ಪ್ರಶ್ನೆ, ಪ್ಯಾನೆಲ್‌ನವರು ಮಾತಾಡಿಕೊಳ್ಳುವ ಮೊದಲೇ ಅಂಕ ಬರೆದು ಕೊಡಬೇಕು, ಅಂಕ 1ರಿಂದ 4. ಐದು ಇಟ್ಟರೆ ಎಲ್ಲರೂ ಮೂರು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಯಾವ ಪ್ರಶ್ನೆಗೆ ಎಷ್ಟು ತೂಕ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳೋಕೆ ನನಗೆ ಒಂದು ವರ್ಷ ಹಿಡಿದಿದೆ. ಒಂದು ಪದವನ್ನು ಪೂರ್ತಿ ನಿಷೇಧಿಸಿದೆ: "ಕಲ್ಚರ್ ಫಿಟ್", ಅಂದರೆ ನಮ್ಮ ರೀತಿಗೆ ಹೊಂದುತ್ತಾರೋ ಇಲ್ಲವೋ ಎನ್ನುವ ಮಾತು. ಹೇಳಬೇಕು ಅನ್ನಿಸಿದರೆ ಯಾವ ಉತ್ತರದಲ್ಲಿ ಏನು ಕಂಡಿತು ಎಂದು ಬರೆದು ಕೊಡಿ ಎಂದೆ.

ಇದು ಯಾಕೆ ಮುಖ್ಯ ಅನ್ನೋದಕ್ಕೆ ಒಂದು ಮಧ್ಯಾಹ್ನದ ಕಥೆ. ಒಂಬತ್ತು ವರ್ಷದ ಗ್ಯಾಪ್ ಬಳಿಕ ಕೆಲಸಕ್ಕೆ ವಾಪಸ್ ಬರುತ್ತಿದ್ದ ಒಬ್ಬರು ಇಂಟರ್‌ವ್ಯೂ ಮುಗಿಸಿ ಹೊರಗೆ ಹೋದರು. ಮೂವರ ಶೀಟೂ ನನ್ನ ಕೈಗೆ ಬಂತು. ಮೂರು, ನಾಲ್ಕು, ಮೂರು, ಎಲ್ಲೂ ಎರಡಿಲ್ಲ. ಆದರೆ ಬಾಗಿಲು ಮುಚ್ಚಿದ ಕೂಡಲೇ ಒಬ್ಬರು "ಎನರ್ಜಿ ಯಾಕೋ ಕಡಿಮೆ" ಎಂದರು, ಇನ್ನೊಬ್ಬರು ತಲೆ ಆಡಿಸಿದರು. ನಾನು ಮೂರೂ ಶೀಟನ್ನು ಮೇಜಿನ ಮಧ್ಯೆ ಹರಡಿ, "ಯಾವ ಪ್ರಶ್ನೆಗೆ ಕಡಿಮೆ ಬಿತ್ತು, ತೋರಿಸಿ" ಎಂದೆ. ಮೊದಲು ಮಾತಾಡಿದವರು ತಮ್ಮದೇ ಅಕ್ಷರವನ್ನು ಬೆರಳಿಟ್ಟು ಓದುತ್ತಾ ಕೆಳಗಿನವರೆಗೂ ಹೋದರು. ಆಮೇಲೆ ಶೀಟನ್ನು ನನ್ನ ಕಡೆಗೆ ತಳ್ಳಿ, "ಆಫರ್ ಕಳಿಸಿ" ಎಂದರು. ನಮ್ಮ ಕೆಲಸದ ಪರೀಕ್ಷೆಯಲ್ಲಿ ಬೇಕೆಂದೇ ಏಳು ಬಗ್, ಅಂದರೆ ಕೋಡ್‌ನ ತಪ್ಪು, ಇಟ್ಟಿರುತ್ತೇವೆ. ಎರಡು ಗಂಟೆಯ ಆ ಪರೀಕ್ಷೆಗೆ ದುಡ್ಡು ಕೊಡುತ್ತೇವೆ, ಪುಕ್ಕಟೆ ಮಾಡಿಸುವುದಿಲ್ಲ. ಆಕೆ ಏಳರಲ್ಲಿ ಆರು ಹಿಡಿದು, ನಾವು ಇಡದೇ ಇದ್ದ ಎಂಟನೆಯದೊಂದನ್ನೂ ಹಿಡಿದು ಕೊಟ್ಟಿದ್ದರು. ಇವತ್ತು ಆಕೆ ಒಂದು ಟೀಮಿನ ಲೀಡ್.

ನಡುವೆ ರೆಸ್ಯೂಮೆಯಲ್ಲಿ ಹೆಸರು ಮುಚ್ಚುವ ಪ್ರಯೋಗವನ್ನೂ ಮಾಡಿದೆ. ಹೆಸರಿನ ಪ್ರಭಾವ ಸಣ್ಣದಲ್ಲ. ಅಮೆರಿಕದ ಬಾಸ್ಟನ್, ಶಿಕಾಗೋದಲ್ಲಿ ಸುಮಾರು 5000 ರೆಸ್ಯೂಮೆ ಕಳಿಸಿ ನೋಡಿದ ಅರ್ಥಶಾಸ್ತ್ರಜ್ಞರಾದ ಬರ್ಟ್ರಾಂಡ್, ಮುಲ್ಲೈನಾಥನ್ ಅವರ 2004ರ ಅಧ್ಯಯನದಲ್ಲಿ ಕಪ್ಪುವರ್ಣೀಯರದ್ದೆಂದು ತೋರುವ ಹೆಸರಿಗಿಂತ ಬಿಳಿಯರದ್ದೆಂದು ತೋರುವ ಹೆಸರಿಗೆ ಶೇ. 50ರಷ್ಟು ಹೆಚ್ಚು ಕರೆ ಬಂದಿತ್ತು. ಆದರೆ ನಮ್ಮಲ್ಲಿ ಹೆಸರು ಮುಚ್ಚಿದರೆ ಕಾಲೇಜು ಹೇಳುತ್ತಿತ್ತು, ಕಾಲೇಜು ಮುಚ್ಚಿದರೆ ಪಾಸಾದ ವರ್ಷ ವಯಸ್ಸು ಹೇಳುತ್ತಿತ್ತು, ವರ್ಷ ಮುಚ್ಚಿದರೆ ಗ್ಯಾಪ್ ಕಾಣುತ್ತಿತ್ತು. ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ 1952ರಲ್ಲೇ ಪರದೆಯ ಹಿಂದೆ ಕೂರಿಸಿ ವಾದ್ಯಗಾರರನ್ನು ಆರಿಸಲು ಶುರು ಮಾಡಿತ್ತು. ಆಮೇಲೆ ಇಂಥ ಆಯ್ಕೆಗಳಲ್ಲಿ ಹೆಜ್ಜೆಯ ಸದ್ದಿನಿಂದ ಗಂಡೋ ಹೆಣ್ಣೋ ಗೊತ್ತಾಗಬಾರದೆಂದು ವೇದಿಕೆಗೆ ಕಾರ್ಪೆಟ್ ಹಾಸಿದ್ದೂ ಉಂಟು. ನಮ್ಮ ರೆಸ್ಯೂಮೆಗಳಿಗೆ ಅಂಥ ಕಾರ್ಪೆಟ್ ಹೊಂದಿಸಲಿಕ್ಕೆ ನನ್ನಿಂದ ಆಗಲಿಲ್ಲ. ನಾಲ್ಕು ತಿಂಗಳ ಬಳಿಕ ಕೈಬಿಟ್ಟು, ರೆಸ್ಯೂಮೆ ನೋಡುವ ಮೊದಲೇ ಪರೀಕ್ಷೆ ಮಾಡಲು ಶುರು ಮಾಡಿದೆ. ಅದು ಕೆಲಸ ಮಾಡಿತು. ರೆಫರಲ್ ಬೋನಸ್ ದುಪ್ಪಟ್ಟು ಮಾಡಿ ನೋಡಿದ್ದು ಮಾತ್ರ ದಂಡ, ಅದೇ ಮೂರು ಕಾಲೇಜಿನಿಂದ ಇನ್ನಷ್ಟು ಜನ ಬಂದರು.

ಜನ ಬಂದ ಮೇಲೆ ಕಂಪನಿಯ ಒಳಗೆ ಏನಾಯಿತು ಎಂದು ಎಲ್ಲರೂ ಕೇಳುತ್ತಾರೆ. ಮೊದಲ ನಾಲ್ಕೈದು ತಿಂಗಳು ಕೆಟ್ಟದಾಗಿಯೇ ಇತ್ತು. ಮೀಟಿಂಗುಗಳು ಉದ್ದವಾದವು, ಒಪ್ಪಿಗೆ ತಡವಾಯಿತು, ಮುಂಚೆ ಅರ್ಧ ಮಾತಿಗೇ ಅರ್ಥವಾಗುತ್ತಿದ್ದದ್ದನ್ನು ಪೂರ್ತಿ ಹೇಳಬೇಕಾಯಿತು. ಹಳಬರಲ್ಲಿ ಮೂವರು ಬಿಟ್ಟುಹೋದರು. ಅವರಲ್ಲಿ ಒಬ್ಬರು ತುಂಬಾ ಒಳ್ಳೆಯ ಎಂಜಿನಿಯರ್, ಆ ನಷ್ಟ ಈಗಲೂ ನನ್ನನ್ನು ಕಾಡುತ್ತದೆ. ಆರಂಭದಲ್ಲೇ ಅವರ ಜೊತೆ ಕೂತು ಮಾತಾಡಿದ್ದರೆ ಉಳಿಸಿಕೊಳ್ಳಬಹುದಿತ್ತು.

ತಿರುವು ಬಂದದ್ದು ಟೆಸ್ಟಿಂಗ್ ಟೀಮಿನಲ್ಲಿ. ಅಲ್ಲಿಗೆ ಕಿವಿ ಕೇಳದ ಇಬ್ಬರು ಒಟ್ಟಿಗೆ ಸೇರಿದ್ದರು. ಮೀಟಿಂಗಿಗೆ ಲೈವ್ ಕ್ಯಾಪ್ಷನ್, ಅಂದರೆ ಆಡಿದ ಮಾತು ಆಗಲೇ ಪರದೆಯಲ್ಲಿ ಅಕ್ಷರವಾಗಿ ಮೂಡುವ ವ್ಯವಸ್ಥೆ, ಹಾಕಿಸಿದ್ದೆ, ಅಷ್ಟು ಸಾಕು ಅಂದುಕೊಂಡಿದ್ದೆ. ಒಂದು ದಿನ ಹಿಂದಿನ ಸಾಲಿನಲ್ಲಿ ಕೂತು ಬರೀ ನೋಡಿದೆ. ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು. ಮೂರು ಸೆಕೆಂಡ್ ಬಿಟ್ಟು ಆ ಇಬ್ಬರೂ ನಕ್ಕರು, ಒಬ್ಬರ ಮುಖ ಒಬ್ಬರು ನೋಡಿಕೊಂಡು. ಅಷ್ಟರಲ್ಲಿ ಮಾತು ಮುಂದೆ ಹೋಗಿತ್ತು. ಒಂದೇ ಸಲಕ್ಕೆ ಇಬ್ಬರು ಮೂವರು ಮಾತಾಡುತ್ತಿದ್ದರಿಂದ ಕ್ಯಾಪ್ಷನ್ ಕಲಸಿ ಹೋಗುತ್ತಿತ್ತು. ಒಬ್ಬರು ಕೈ ಎತ್ತಿದರು, ಯಾರೂ ಗಮನಿಸಲಿಲ್ಲ, ಕೈ ಇಳಿಸಿದರು. ಒಂಟಿಯಾಗಿದ್ದಿದ್ದರೆ ಅವರು ಅಲ್ಲಿಗೇ ಬಿಟ್ಟುಬಿಡುತ್ತಿದ್ದರು. ಇಬ್ಬರಿದ್ದರಲ್ಲ, ಮೀಟಿಂಗ್ ಮುಗಿದ ಮೇಲೆ ನೇರವಾಗಿ ಮ್ಯಾನೇಜರ್ ಬಳಿ ಹೋಗಿ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು: "ನಾವು ಹೇಳಬೇಕಾದ್ದು ಇತ್ತು. ನೀವು ಮುಗಿಸಿಬಿಟ್ಟಿರಿ."

ಮರುದಿನದಿಂದ ಆ ಟೀಮಿನಲ್ಲಿ ಮೂರು ನಿಯಮ ಬಂದವು. ಒಂದು ಹೊತ್ತಿಗೆ ಒಬ್ಬರೇ ಮಾತು. ವಿಷಯ ಹಿಂದಿನ ಸಂಜೆಯೇ ಬರಹದಲ್ಲಿ. ತೀರ್ಮಾನವನ್ನು ಎಲ್ಲರ ಕಣ್ಣೆದುರು ಟೈಪ್ ಮಾಡದೆ ಮೀಟಿಂಗ್ ಮುಗಿಯುವುದಿಲ್ಲ. ಇಬ್ಬರಿಗಾಗಿ ಮಾಡಿದ್ದು ಇದು. ಆದರೆ ಒಂದು ಗಂಟೆಯ ಮೀಟಿಂಗ್ ಎರಡು ತಿಂಗಳಲ್ಲಿ 35-40 ನಿಮಿಷಕ್ಕೆ ಇಳಿಯಿತು. ಮನೆಯಿಂದ ಕೆಲಸ ಮಾಡುವವರು, ಹೊಸಬರು, ದೊಡ್ಡ ದನಿಯವರ ಎದುರು ಬಾಯಿ ಬಿಡದೆ ಇದ್ದವರು, ಎಲ್ಲರೂ ಮೊದಲೇ ಬರೆದು ಕಳಿಸಲು ಶುರು ಮಾಡಿದರು. ಪಕ್ಕದ ಟೀಮಿನವರು ನಾನು ಹೇಳದೆಯೇ ನಿಯಮ ಎತ್ತಿಕೊಂಡರು. ಕಂಪನಿಯ ಸಂಸ್ಕೃತಿ ಬದಲಾಯಿತು ಎಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಇದೇ. ಗೋಡೆಗೆ ಅಂಟಿಸಿದ ಮೌಲ್ಯಗಳ ಪೋಸ್ಟರ್ ಎಷ್ಟೋ ವರ್ಷದಿಂದ ಇತ್ತು, ಅದು ಯಾರ ಮೀಟಿಂಗನ್ನೂ ಬದಲಿಸಿರಲಿಲ್ಲ.

ಸೇರಿದ 45ನೆಯ ದಿನ ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಕೂರುತ್ತೇನೆ. ಆಗ ಕೇಳುವ ಒಂದು ಪ್ರಶ್ನೆ ಇದೆ, ಅದರ ಉತ್ತರ ನೋಡಿ ಯಾರು ಉಳಿಯುತ್ತಾರೆ, ಯಾರು ಹೊರಡಲು ಯೋಚಿಸುತ್ತಿದ್ದಾರೆ ಎಂದು ನನಗೆ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಆ ಪ್ರಶ್ನೆ ನನ್ನ ಬಳಿಯೇ ಇರಲಿ, ಎಲ್ಲರಿಗೂ ಗೊತ್ತಾದ ದಿನ ಉತ್ತರವೂ ಸಿದ್ಧವಾಗಿ ಬರುತ್ತದೆ. 45ನೆಯ ದಿನ ಯಾಕೆಂದರೆ 30ಕ್ಕೆ ಎಲ್ಲರೂ "ಚೆನ್ನಾಗಿದೆ" ಎನ್ನುತ್ತಾರೆ, 90ಕ್ಕೆ ಬೇರೆ ಕಡೆ ಇಂಟರ್‌ವ್ಯೂ ಕೊಟ್ಟಿರುತ್ತಾರೆ.

ಈಗ ಎಂಜಿನಿಯರಿಂಗ್‌ನಲ್ಲಿ ಹೆಂಗಸರು 19, ಅಂಗವೈಕಲ್ಯ ಇರುವವರು 5. ಹೊಸ ಪದ್ಧತಿ ಬಂದ ಮೊದಲ ಎರಡು ವರ್ಷದ ಖರ್ಚು ಕಳೆದರೂ ಕೈಗೆ ಉಳಿದದ್ದೇ ಜಾಸ್ತಿ ಎಂದು ಫೈನಾನ್ಸ್ ಮುಖ್ಯಸ್ಥರೇ ಲೆಕ್ಕ ಹಾಕಿ ಕಳಿಸಿದರು. ಆದರೆ ಮ್ಯಾನೇಜರ್ ಮಟ್ಟದಲ್ಲಿ ಹತ್ತರಲ್ಲಿ ಒಂಬತ್ತು ಜನ ಈಗಲೂ ಅದೇ ಮೂರು ಕಾಲೇಜಿನವರು. ಬಡ್ತಿ ಇನ್ನೂ ಬಾಯಿಮಾತಿನಲ್ಲೇ ತೀರ್ಮಾನವಾಗುತ್ತಿದೆ. ಮುಂದಿನ ತಿಂಗಳು ಎರಡು ಹುದ್ದೆ ಖಾಲಿಯಾಗುತ್ತಿವೆ. ಅವಕ್ಕೂ ಅದೇ ಶೀಟು, ಮಾತಾಡುವ ಮೊದಲು ಅಂಕ, ಎಂದು ಮೇಲ್ ಕಳಿಸಿದ್ದೇನೆ. ಮೂವರು ನಿರ್ದೇಶಕರಲ್ಲಿ ಇಬ್ಬರು ಒಪ್ಪಿದ್ದಾರೆ, ಮೂರನೆಯವರನ್ನು ಗುರುವಾರ ಕಾಣಬೇಕು. 56 ತಿಂಗಳ ಆ ಹಳೆಯ ಹಾಳೆಯನ್ನು ಮತ್ತೆ ಪ್ರಿಂಟ್ ತೆಗೆದಿಟ್ಟಿದ್ದೇನೆ.